ಒಂದೆಲಗ: ಕಾಡುಸೊಪ್ಪನ್ನು ಕೈತೋಟಕ್ಕೆ ತಂದು ಬೆಳೆಸಿ ಬಳಸುವ ಬಗೆ

ಒದ್ದೆ ನೆಲವಿರುವಲ್ಲಿ ಯಾರೂ ನೆಡದೆ, ಯಾರೂ ನೀರುಣಿಸದೆ ತಾನಾಗಿ ಹಬ್ಬುವ ಒಂದೆಲಗವನ್ನು ಕೈತೋಟದಲ್ಲಿ ಮಡಿ ಮಾಡಿ ಬೆಳೆಸುವ ಅಗತ್ಯವೇನು ಎಂದು ಯಾರಾದರೂ ಕೇಳಿದರೆ, ಉತ್ತರ ಆ ಗಿಡದ ಸ್ವಭಾವದಲ್ಲೇ ಇದೆ. ಬೇರೂರಿದ ನೆಲದಲ್ಲಿ ಏನಿದೆಯೋ ಅದನ್ನೆಲ್ಲ ಹೀರಿಕೊಳ್ಳುವ ಗಿಡ ಅದು. ನೀರು ಮತ್ತು ಗೊಬ್ಬರದ ಸಾರದ ಜೊತೆಗೆ ಕೊಳಚೆ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳೂ ಅದರ ಬೇರು ಮತ್ತು ಎಲೆಗಳಲ್ಲಿ ಸೇರಿಕೊಳ್ಳುತ್ತವೆ. ಚರಂಡಿಯ ಅಂಚಿನ ಒಂದೆಲಗ ಕಣ್ಣಿಗೆ ಬಲು ಹುಲುಸಾಗಿ ಕಾಣುತ್ತದೆ. ಆ ಹುಲುಸಿಗೆ ಕಾರಣ ಚರಂಡಿಯೇ ಎಂಬುದನ್ನು ಕೊಯ್ಯುವವರು ಮರೆಯುತ್ತಾರೆ. ದನಕರುಗಳು ಮೇಯುವ ಜವುಗಿನ ಸೊಪ್ಪಾದರೆ ಪರಾವಲಂಬಿ ಹುಳುಗಳ ಕಣ್ಣಿಗೆ ಕಾಣದ ಕೋಶಗಳು ಎಲೆಗೆ ಅಂಟಿಕೊಂಡಿರಬಹುದು. ಬೇಯಿಸದೆ ತಿನ್ನುವ ಸೊಪ್ಪಾದ್ದರಿಂದ ಈ ಎರಡು ಅಪಾಯಗಳನ್ನೂ ಲಘುವಾಗಿ ಎಣಿಸುವಂತಿಲ್ಲ. ಒಂದೆಲಗ ಬೆಳೆಸುವುದರಲ್ಲಿ ಗಿಡದ ಆರೈಕೆ ಕಾಲು ಭಾಗ, ಅದು ನಿಲ್ಲುವ ಜಾಗದ ಆರೈಕೆ ಮುಕ್ಕಾಲು ಭಾಗ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಒಂದೆಲಗವನ್ನು ಸಂಸ್ಕೃತದಲ್ಲಿ ಮಂಡೂಕಪರ್ಣಿ ಎನ್ನುತ್ತಾರೆ, ತುಳುವಿನಲ್ಲಿ ತಿಮರೆ ಎನ್ನುತ್ತಾರೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಹೈಡ್ರೊಕೊಟೈಲ್ ಏಷಿಯಾಟಿಕಾ ಎಂದು ಕರೆದಿದ್ದ. 1879ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಅರ್ಬನ್ ಇದನ್ನು ಬೇರೆ ಕುಲಕ್ಕೆ ಸೇರಿಸಿದ ಮೇಲೆ ಸೆಂಟೆಲ್ಲಾ ಏಷಿಯಾಟಿಕಾ ಎಂಬ ಈಗಿನ ಹೆಸರು ನಿಂತಿತು. ಕೊತ್ತಂಬರಿ, ಜೀರಿಗೆ, ಕ್ಯಾರೆಟ್‌ಗಳ ಕುಟುಂಬವೇ ಇದರದ್ದೂ. ತೊಡಕಿರುವುದು 'ಬ್ರಾಹ್ಮಿ' ಎಂಬ ಹೆಸರಿನಲ್ಲಿ. ಬಳಕೆಯ ಮಾತಿನಲ್ಲಿ ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ, ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಎನ್ನುತ್ತಾರೆ. ನೀರುಬ್ರಾಹ್ಮಿ ಬೇರೆಯದೇ ಕುಟುಂಬದ ಗಿಡ. ಅದರ ಎಲೆಗಳು ಚಿಕ್ಕವು, ದಪ್ಪ, ತೊಟ್ಟಿಲ್ಲದವು, ಕಾಂಡದ ಎರಡೂ ಬದಿಗೆ ಜೋಡಿಜೋಡಿಯಾಗಿ ಕೂತಿರುತ್ತವೆ, ರುಚಿ ಕಡುಕಹಿ. ಸಸಿ ತರುವಾಗ 'ಬ್ರಾಹ್ಮಿ ಕೊಡಿ' ಎಂದು ಕೇಳಿದರೆ ಎರಡರಲ್ಲಿ ಯಾವುದೂ ಸಿಗಬಹುದು. ಆದ್ದರಿಂದ ಎಲೆಯನ್ನು ನೋಡಿಯೇ ತರಬೇಕು.

ಗುರುತು ಹಿಡಿಯುವುದು

ಎಲೆಯ ಆಕಾರವೊಂದನ್ನೇ ನೆಚ್ಚಿಕೊಂಡವರು ಮೋಸಹೋಗುತ್ತಾರೆ, ಏಕೆಂದರೆ ದುಂಡನೆಯ, ನೆಲಕ್ಕೆ ಹಬ್ಬುವ ಎಲೆಗಳು ಹತ್ತಾರು ಗಿಡಗಳಲ್ಲಿವೆ. ನಾಲ್ಕು ಲಕ್ಷಣಗಳನ್ನು ಒಟ್ಟಿಗೆ ನೋಡಬೇಕು. ಒಂದು ಹಂಬನ್ನು ಮೆಲ್ಲಗೆ ಎತ್ತಿ ಹಿಡಿದರೆ, ನೂಲಿನಷ್ಟು ತೆಳ್ಳಗಿನ, ಹಲವು ಸಲ ಕೆಂಪು ಛಾಯೆಯಿರುವ ಬಳ್ಳಿಯಲ್ಲಿ ಅಂಗುಲಗಳ ಅಂತರಕ್ಕೊಂದು ಗೆಣ್ಣು ಕಾಣುತ್ತದೆ. ಪ್ರತಿ ಗೆಣ್ಣಿನಿಂದ ಕೆಳಕ್ಕೆ ಬಿಳಿ ಬೇರಿನ ಒಂದು ಕುಚ್ಚು, ಮೇಲಕ್ಕೆ ಉದ್ದ ತೊಟ್ಟಿನ ಎಲೆಗಳು. ಎರಡನೆಯದಾಗಿ, ತೊಟ್ಟು ಎಲೆಯನ್ನು ಸೇರುವ ಜಾಗವನ್ನು ಗಮನಿಸಬೇಕು. ಮೂತ್ರಪಿಂಡದ ಆಕಾರದ ಎಲೆಯ ಹಿಂಬದಿಯಲ್ಲಿ ಒಂದು ಸೀಳು ಇರುತ್ತದೆ, ತೊಟ್ಟು ಕೂಡುವುದು ಆ ಸೀಳಿನ ಒಳತುದಿಯಲ್ಲಿ. ನರಗಳು ಅಲ್ಲಿಂದ ಬೀಸಣಿಗೆಯಂತೆ ಹರಡುತ್ತವೆ. ಮೂರನೆಯದಾಗಿ, ಎಲೆಯಂಚು ನಯವಾಗಿರದೆ ಸಣ್ಣ ಸಣ್ಣ ಗುಂಡು ಹಲ್ಲುಗಳಿಂದ ಕೂಡಿರುತ್ತದೆ. ಕೊನೆಯದು ವಾಸನೆ: ತೊಟ್ಟನ್ನು ಹಿಸುಕಿದರೆ ಕೊತ್ತಂಬರಿ ಕುಟುಂಬವನ್ನು ನೆನಪಿಸುವ ಹಸಿರು ಘಮ ಬರುತ್ತದೆ. ಹೂವನ್ನು ನೋಡಬೇಕೆಂದರೆ ಎಲೆಗಳನ್ನು ಸರಿಸಿ ಬುಡದಲ್ಲಿ ಹುಡುಕಬೇಕು. ನಸುಗೆಂಪು ಬಣ್ಣದ, ಸಾಸಿವೆಗಿಂತ ಅಷ್ಟೇನೂ ದೊಡ್ಡದಲ್ಲದ ಹೂಗಳು ಗುಂಪಾಗಿ, ನೆಲಕ್ಕೆ ತಾಗಿಯೇ ಅರಳಿರುತ್ತವೆ. ವರ್ಷಗಟ್ಟಲೆ ಒಂದೆಲಗ ಬೆಳೆಸಿಯೂ ಅದರ ಹೂವನ್ನು ಕಾಣದವರಿದ್ದಾರೆ.

ಅಲಂಕಾರಕ್ಕೆ ಬೆಳೆಸುವ ಕೆಲವು ಹೈಡ್ರೊಕೊಟೈಲ್ ಗಿಡಗಳಲ್ಲಿ ತೊಟ್ಟು ಎಲೆಯ ನಟ್ಟನಡುವೆ ಕೊಡೆಯ ಕೋಲಿನಂತೆ ಕೂಡಿರುತ್ತದೆ, ಅದು ಒಂದೆಲಗವಲ್ಲ. ಎಲೆಯಂಚು ಪೂರ್ತಿ ನಯವಾಗಿದ್ದರೆ ಅದು ಹುಲ್ಲಿನ ಬದಲು ಹಾಸುವ ಡೈಕಾಂಡ್ರಾ ಆಗಿರಬಹುದು. ಹಳದಿ ಬಣ್ಣದ, ಆಲಿಕೆಯಾಕಾರದ ಹೂ ಬಿಟ್ಟರೆ ಅದು ಇಲಿಕಿವಿ ಸೊಪ್ಪು. ಚಳಿ ಪ್ರದೇಶಗಳಲ್ಲಿ ಇದೇ ಆಕಾರದ ಎಲೆಯಿರುವ, ಹಸಿಯಾಗಿ ತಿಂದರೆ ವಿಷವಾಗುವ ಜವುಗುಗಿಡಗಳೂ ಇವೆ. ನಾಲ್ಕರಲ್ಲಿ ಒಂದು ಲಕ್ಷಣ ಹೊಂದದಿದ್ದರೂ ಆ ಗಿಡವನ್ನು ಬಿಟ್ಟುಬಿಡಬೇಕು.

ಜಾಗ ಮತ್ತು ಮಣ್ಣು

ನಾನು ಮೊದಲ ಸಲ ನೆಟ್ಟಾಗ ಎರಡು ತಪ್ಪು ಮಾಡಿದೆ. ಔಷಧಿಯ ಗಿಡಕ್ಕೆ ಬಿಸಿಲು ಚೆನ್ನಾಗಿ ಬೀಳಲಿ ಎಂದು ದಿನವಿಡೀ ಬಿಸಿಲಿರುವ ಕಡೆ ಇಟ್ಟೆ, ಬೇರು ಆಳಕ್ಕೆ ಹೋಗಲಿ ಎಂದು ಮೊಳದಷ್ಟು ಆಳದ ಕುಂಡವನ್ನು ಆರಿಸಿದೆ. ಎರಡೇ ವಾರದಲ್ಲಿ ಎಲೆಗಳು ಅಂಗಿಯ ಗುಂಡಿಯಷ್ಟಾಗಿ, ದಪ್ಪವಾಗಿ, ಕೆಂಪಡರಿದವು. ಗಿಡ ಸಾಯಲಿಲ್ಲ, ಆದರೆ ಕೊಯ್ಯಲು ಏನೂ ಉಳಿಯಲಿಲ್ಲ. ಅತ್ತ ಕುಂಡದ ತಳದ ಮಣ್ಣು ಬೇರು ಮುಟ್ಟದೆ ಹುಳಿ ವಾಸನೆ ಹಿಡಿದಿತ್ತು. ಅದೇ ಗಿಡವನ್ನು ಮರದ ನೆರಳಂಚಿಗೆ ಸರಿಸಿ ಅಗಲದ ತಟ್ಟೆಯಂಥ ಕುಂಡಕ್ಕೆ ಬದಲಾಯಿಸಿದಾಗ ತೊಟ್ಟುಗಳು ಗೇಣುದ್ದ ಬೆಳೆದು ಎಲೆಗಳು ಅಂಗೈಯ ನಡುಭಾಗವನ್ನು ಮುಚ್ಚುವಷ್ಟಾದವು. ಗಿಡ ಒಂದೇ, ಬದಲಾದದ್ದು ಜಾಗ.

ಹಾಗಾಗಿ ಬೆಳಗಿನ ಎಳೆಬಿಸಿಲು ಎರಡು ಮೂರು ಗಂಟೆ ಬಿದ್ದು ಮಧ್ಯಾಹ್ನಕ್ಕೆ ನೆರಳಾಗುವ ಸ್ಥಳವನ್ನು ಆರಿಸಬೇಕು. ಅಂಥ ಜಾಗವಿಲ್ಲದಿದ್ದರೆ ಅರ್ಧದಷ್ಟು ಬಿಸಿಲನ್ನು ತಡೆಯುವ ನೆರಳುಪರದೆಯನ್ನು ಕಟ್ಟಬಹುದು. ಪೂರ್ತಿ ಕತ್ತಲೆಯ ಮೂಲೆ ಬೇಡ. ಅಲ್ಲಿ ತೊಟ್ಟು ಉದ್ದವಾಗಿ ಸೋತು ಬಾಗುತ್ತದೆ, ಎಲೆಗೆ ಘಮವೂ ಇರುವುದಿಲ್ಲ. ಬಚ್ಚಲ ನೀರು ಹರಿದುಹೋಗುವ ಕಡೆ ಒಂದೆಲಗ ಸೊಗಸಾಗಿ ಬರುತ್ತದೆ ಎಂಬುದು ನಿಜ, ಆದರೆ ಸಾಬೂನು ಮತ್ತು ಮಾರ್ಜಕದ ನೀರನ್ನು ಕುಡಿದ ಸೊಪ್ಪನ್ನು ತಿನ್ನಬಾರದು. ವಾಹನ ಓಡಾಡುವ ರಸ್ತೆಯ ಪಕ್ಕ, ಹಳೆಯ ಬಣ್ಣ ಉದುರುವ ಗೋಡೆಯ ಬುಡ, ಕಟ್ಟಡದ ಅವಶೇಷ ಸುರಿದ ನೆಲ, ಇವೂ ಬೇಡ. ನೆಲದ ಪೂರ್ವೇತಿಹಾಸ ಗೊತ್ತಿಲ್ಲದವರು ಕುಂಡದಲ್ಲಿ ಬೆಳೆಸುವುದೇ ಕ್ಷೇಮ.

ಕುಂಡ 15ರಿಂದ 20 ಸೆಂಟಿಮೀಟರ್ ಆಳವಿದ್ದರೆ ಸಾಕು, ಅಗಲ ಮಾತ್ರ 30 ಸೆಂಟಿಮೀಟರ್‌ಗೆ ಕಡಿಮೆಯಿರಬಾರದು. ಹಂಬು ಓಡಲು ಜಾಗ ಬೇಕು. ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ, ಅರ್ಧ ಪಾಲು ತೆಂಗಿನ ನಾರಿನ ಪುಡಿ, ಇಷ್ಟನ್ನು ಬೆರೆಸಿದರೆ ನೀರನ್ನು ಹಿಡಿದಿಟ್ಟುಕೊಳ್ಳುವ, ಆದರೆ ಗಟ್ಟಿಯಾಗಿ ಕಟ್ಟಿಕೊಳ್ಳದ ಮಣ್ಣು ಸಿದ್ಧವಾಗುತ್ತದೆ. ಮಣ್ಣು ಅಂಟಾಗಿದ್ದರೆ ಒಂದಿಷ್ಟು ಮರಳು ಸೇರಿಸಬಹುದು. ಹಸಿ ಸಗಣಿಯನ್ನಾಗಲಿ ಅರೆಕಳಿತ ಗೊಬ್ಬರವನ್ನಾಗಲಿ ಇದಕ್ಕೆ ಹಾಕಲೇಬಾರದು. ಎಲೆ ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿರುತ್ತದೆ, ನೀರೆರೆದಾಗ ಸಿಡಿಯುವ ಮಣ್ಣು ನೇರವಾಗಿ ಎಲೆಯ ಮೇಲೆಯೇ ಬೀಳುತ್ತದೆ.

ನೆಡುವುದು

ಬೀಜದಿಂದ ಬೆಳೆಸಬಹುದಾದರೂ ಅದು ತಾಳ್ಮೆ ಪರೀಕ್ಷಿಸುವ ಕೆಲಸ. ಮೊಳಕೆ ನಿಧಾನ, ಮೊಳೆಯದೆ ಹೋಗುವವೇ ಹೆಚ್ಚು. ಹಂಬನ್ನು ನೆಡುವುದೇ ಎಲ್ಲರೂ ಅನುಸರಿಸುವ ದಾರಿ. ಒಳ್ಳೆಯ ಜಾಗದಲ್ಲಿ ಬೆಳೆದ ತಾಯಿಗಿಡದಿಂದ ಎರಡು ಮೂರು ಗೆಣ್ಣುಗಳಿರುವ, ಒಂದಾದರೂ ಗೆಣ್ಣಿನಲ್ಲಿ ಬೇರೊಡೆದಿರುವ ತುಂಡನ್ನು ಕತ್ತರಿಸಿಕೊಳ್ಳಬೇಕು. ಕಾಡಿನಿಂದ ತರುವುದಾದರೆ ಒಂದು ಹಿಡಿ ಹಂಬು ಧಾರಾಳವಾಗಿ ಸಾಕು, ಇಡೀ ಹಾಸನ್ನು ಕಿತ್ತುಕೊಂಡು ಬರುವ ಅವಶ್ಯಕತೆಯಿಲ್ಲ. ತಂದ ಹಂಬಿನ ಬೇರಿಗೆ ಅಂಟಿದ ಮಣ್ಣನ್ನು ಪೂರ್ತಿ ತೊಳೆದು, ಇದ್ದ ಎಲೆಗಳಲ್ಲಿ ಒಂದೆರಡು ಎಳೆಯವನ್ನು ಮಾತ್ರ ಉಳಿಸಿ ಉಳಿದದ್ದನ್ನು ಕತ್ತರಿಸಿ ಎಸೆಯಬೇಕು. ಜವುಗಿನ ಎಲೆಗಳು ತಿನ್ನಲು ಬಾರವು. ಹಾಗೆ ಕತ್ತರಿಸುವುದರಿಂದ ಗಿಡ ಸೊರಗುವುದೂ ಕಡಿಮೆಯಾಗುತ್ತದೆ. ಮೊದಲು ಉಳಿದ ಆ ಎಲೆಗಳನ್ನೂ ತಿನ್ನದೆ, ನಿಮ್ಮ ಮಣ್ಣಿನಲ್ಲಿ ಹೊಸದಾಗಿ ಚಿಗುರಿದವನ್ನು ಮಾತ್ರ ಕೊಯ್ಲಿಗೆ ಎಣಿಸಬೇಕು.

ಸಂಜೆಯ ಹೊತ್ತಿಗೆ ಮಣ್ಣನ್ನು ಚೆನ್ನಾಗಿ ನೆನೆಸಿ, ಹಂಬನ್ನು ನಿಲ್ಲಿಸದೆ ಮಲಗಿಸಿ, ಗೆಣ್ಣುಗಳು ಮಾತ್ರ ಒಂದು ಸೆಂಟಿಮೀಟರ್‌ನಷ್ಟು ಮಣ್ಣಿನೊಳಗೆ ಹೋಗುವಂತೆ ಬೆರಳಿನಿಂದ ಒತ್ತಬೇಕು. ಎಲೆಯ ಚಿಗುರು ಹೊರಡುವ ಬಿಂದು ಮಣ್ಣಿನ ಮೇಲಿರಲಿ, ಹೂತುಹೋದರೆ ಕೊಳೆಯುತ್ತದೆ. ಹಂಬು ಎದ್ದು ನಿಲ್ಲುತ್ತಿದ್ದರೆ ತೆಂಗಿನ ಕಡ್ಡಿಯೊಂದನ್ನು ಹೇರ್‌ಪಿನ್ನಿನಂತೆ ಬಾಗಿಸಿ ಗೆಣ್ಣಿನ ಪಕ್ಕ ಚುಚ್ಚಬಹುದು. ನೆಲದ ಮಡಿಯಲ್ಲಿ ಸಸಿಯಿಂದ ಸಸಿಗೆ 30 ಸೆಂಟಿಮೀಟರ್ ಅಂತರವಿದ್ದರೆ ಮೂರು ತಿಂಗಳಲ್ಲಿ ನಡುವಿನ ಜಾಗ ತಾನಾಗಿ ಮುಚ್ಚುತ್ತದೆ. ನೆಟ್ಟ ಮೊದಲ ವಾರ ಎಲೆಗಳು ಹಳದಿಯಾಗಿ ಬೀಳುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಗೆಣ್ಣಿನ ನಡುವೆ ಮಡಚಿದ ಬೀಸಣಿಗೆಯಂಥ ಒಂದು ಎಳೆ ಎಲೆ ಕಂಡರೆ ಬೇರು ಹಿಡಿದಿದೆ ಎಂದರ್ಥ.

ನೀರು, ಗೊಬ್ಬರ, ಕೀಟ

ಒಂದೆಲಗ ಹೆಚ್ಚು ನೀರನ್ನು ಸಹಿಸುತ್ತದೆ, ಒಣಗುವುದನ್ನು ಸಹಿಸುವುದಿಲ್ಲ. ಮಣ್ಣಿನ ಮೇಲ್ಮೈಯನ್ನು ಬೆರಳಿನಿಂದ ಮುಟ್ಟಿದಾಗ ತಣ್ಣಗೆ ಒದ್ದೆಯೆನಿಸಬೇಕು. ಬೇಸಿಗೆಯಲ್ಲಿ ಕುಂಡಕ್ಕೆ ದಿನಕ್ಕೆ ಎರಡು ಸಲ ನೀರು ಬೇಕಾಗಬಹುದು. ಒಂದು ದಿನ ಮರೆತರೆ ತೊಟ್ಟುಗಳೆಲ್ಲ ಮಲಗಿಬಿಡುತ್ತವೆ, ನೀರು ಕೊಟ್ಟ ಒಂದೆರಡು ಗಂಟೆಯಲ್ಲಿ ಮತ್ತೆ ಎದ್ದು ನಿಲ್ಲುತ್ತವೆ. ಹೀಗೆ ಪದೇಪದೇ ಆದರೆ ಎಲೆಯಂಚು ಒಣಗಿ ಸೊಪ್ಪು ನಾರಾಗುತ್ತದೆ. ಕುಂಡದ ಕೆಳಗೆ ತಟ್ಟೆಯಿಟ್ಟು ಅದರಲ್ಲಿ ಒಂದು ಸೆಂಟಿಮೀಟರ್ ನೀರು ನಿಲ್ಲಿಸುವುದು ಒಳ್ಳೆಯ ಉಪಾಯ, ಆದರೆ ಸೊಳ್ಳೆ ಮೊಟ್ಟೆಯಿಡದಂತೆ ಆ ನೀರನ್ನು ವಾರದೊಳಗೆ ಚೆಲ್ಲಿ ತಟ್ಟೆಯನ್ನು ಉಜ್ಜಿ ತೊಳೆಯಬೇಕು. ಕುಡಿಯಲು ಯೋಗ್ಯವಲ್ಲದ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪಿಗೆ ಮೇಲಿನಿಂದ ಚಿಮುಕಿಸಬಾರದು.

ತಿಂಗಳಿಗೊಮ್ಮೆ ಒಂದು ತೆಳು ಪದರ ಎರೆಗೊಬ್ಬರ ಉದುರಿಸಿದರೆ ಸಾಕು. ಹಿಮ ಬೀಳುವ ಕಡೆ ಇರುವವರು ಚಳಿಗಾಲಕ್ಕೆ ಕುಂಡವನ್ನು ಒಳಗೆ, ಬೆಳಕಿನ ಕಿಟಕಿಯ ಬಳಿಗೆ ತಂದಿಡಬೇಕು. ಕಳೆಯನ್ನು ಮೊದಲ ಎರಡು ತಿಂಗಳು ಕೈಯಿಂದಲೇ ಕೀಳಬೇಕು. ಹಾಸು ಕೂಡಿಕೊಂಡ ಮೇಲೆ ಕಳೆಗೆ ಜಾಗವಿರುವುದಿಲ್ಲ, ಬದಲಿಗೆ ಒಂದೆಲಗವೇ ಪಕ್ಕದ ಮಡಿಗಳಿಗೆ ಕಳೆಯಾಗತೊಡಗುತ್ತದೆ. ಮಡಿಯ ಸುತ್ತ ಒಂದು ಗೇಣು ಆಳಕ್ಕೆ ಹಲಗೆ ಹೂಳುವುದು ಅಥವಾ ಅಂಚು ದಾಟಿದ ಹಂಬುಗಳನ್ನು ವಾರಕ್ಕೊಮ್ಮೆ ಕತ್ತರಿಸುವುದು ಅನಿವಾರ್ಯ.

ಶತ್ರುಗಳಲ್ಲಿ ಮುಖ್ಯವಾದುದು ಬಸವನಹುಳು ಮತ್ತು ಚಿಪ್ಪಿಲ್ಲದ ಅದರ ಬಂಧು. ಎಲೆಯಲ್ಲಿ ಅಂಕುಡೊಂಕಾದ ತೂತು, ಪಕ್ಕದಲ್ಲಿ ಒಣಗಿದ ಲೋಳೆಯ ಹೊಳಪು ಕಂಡರೆ ರಾತ್ರಿ ಟಾರ್ಚ್ ಹಿಡಿದು ಹೋಗಿ ಚಿಮುಟದಿಂದ ಆರಿಸಿ ತೆಗೆಯಬೇಕು. ಇವು ಮನುಷ್ಯರಿಗೂ ಹರಡಬಲ್ಲ ಹುಳುಗಳನ್ನು ಹೊತ್ತಿರಬಹುದಾದ್ದರಿಂದ ಬರಿಗೈಯಿಂದ ಮುಟ್ಟಬಾರದು, ಅವು ಹರಿದಾಡಿದ ಎಲೆಗಳನ್ನು ಹಸಿಯಾಗಿ ತಿನ್ನಲೂಬಾರದು. ಒಣ ಬಿಸಿಗಾಳಿಯ ದಿನಗಳಲ್ಲಿ ಎಲೆಯಡಿ ಜೇಡನುಸಿ ಸೇರಿ ಮೇಲ್ಮೈಯಲ್ಲಿ ಬಿಳಿ ಚುಕ್ಕಿಗಳೆದ್ದರೆ, ಇಡೀ ಹಾಸನ್ನು ಬುಡದ ತನಕ ಕತ್ತರಿಸಿ ಗೊಬ್ಬರಗುಂಡಿಗೆ ಹಾಕಿ, ನೆರಳು ಮತ್ತು ನೀರು ಹೆಚ್ಚಿಸಿ ಹೊಸ ಚಿಗುರಿಗೆ ಕಾಯುವುದೇ ನನ್ನ ಸಲಹೆ. ಇಷ್ಟು ಬೇಗ ಚಿಗುರುವ ಗಿಡಕ್ಕೆ ಔಷಧಿ ಸಿಂಪಡಿಸುವುದು ಅನವಶ್ಯಕ.

ಎರಡು ವರ್ಷವಾಗುವಷ್ಟರಲ್ಲಿ ಹಂಬಿನ ಮೇಲೆ ಹಂಬು ಹೆಣೆದು ಹಾಸು ದಪ್ಪವಾಗುತ್ತದೆ, ಅಡಿಯ ಎಲೆಗಳು ಕೊಳೆಯತೊಡಗುತ್ತವೆ, ಮೇಲಿನ ಎಲೆಗಳು ಚಿಕ್ಕವಾಗುತ್ತವೆ. ಆಗ ಹಾಸನ್ನು ಚಾಪೆಯಂತೆ ಸುತ್ತಿ ತೆಗೆದು, ತುದಿಯ ಎಳೆಯ ಹಂಬುಗಳನ್ನು ಮಾತ್ರ ಹೊಸ ಮಣ್ಣಿನಲ್ಲಿ ನೆಡಬೇಕು.

ಕೊಯ್ಲು ಮತ್ತು ಒಣಗಿಸುವಿಕೆ

ನೆಟ್ಟ ಎರಡರಿಂದ ಮೂರು ತಿಂಗಳಿಗೆ ಮೊದಲ ಕೊಯ್ಲು. ಹಂಬನ್ನು ಎಳೆಯದೆ, ಪೂರ್ತಿ ಬಿಚ್ಚಿಕೊಂಡ ಎಲೆಗಳನ್ನು ತೊಟ್ಟಿನ ಸಮೇತ ನೆಲದಿಂದ ಎರಡು ಬೆರಳು ಮೇಲೆ ಕತ್ತರಿಯಿಂದ ಕತ್ತರಿಸಬೇಕು. ಒಂದು ಸಲಕ್ಕೆ ಮೂರನೇ ಎರಡು ಪಾಲಿಗಿಂತ ಹೆಚ್ಚು ತೆಗೆಯದಿದ್ದರೆ ಒಂದೂವರೆ ತಿಂಗಳಲ್ಲಿ ಮತ್ತೆ ಕೊಯ್ಯಬಹುದು. ತೊಳೆಯುವಾಗ ಎಲೆಗಳನ್ನು ಬಿಡಿಬಿಡಿಯಾಗಿ ಹರಿಯುವ ನೀರಿಗೆ ಹಿಡಿಯಬೇಕು, ಏಕೆಂದರೆ ಹಿಂಬದಿಯ ಸೀಳಿನಲ್ಲಿ ಮಣ್ಣು ಕೂತಿರುತ್ತದೆ. ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಎಲ್ಲವೂ ಶುದ್ಧವಾಯಿತು ಎಂಬ ನಂಬಿಕೆಯನ್ನು ಬಿಡಬೇಕು. ನೆಲದ ಬಗ್ಗೆ ಸಂಶಯವಿದ್ದರೆ ಬೇಯಿಸುವುದೊಂದೇ ದಾರಿ, ಲೋಹದ ಸಂಶಯವಿದ್ದರೆ ಅದೂ ದಾರಿಯಲ್ಲ.

ಒಣಗಿಸಲು ಬಿಸಿಲು ಬೇಡ. ನೀರಾರಿದ ಎಲೆಗಳನ್ನು ತೆಳುವಾದ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಗಾಳಿಯಾಡುವ ನೆರಳಿನಲ್ಲಿಟ್ಟು, ದಿನಕ್ಕೊಮ್ಮೆ ತಿರುವಿಹಾಕಿದರೆ ಮೂರರಿಂದ ಐದು ದಿನಕ್ಕೆ ಒಣಗುತ್ತವೆ. ಎಲೆಗಿಂತ ತೊಟ್ಟು ನಿಧಾನವಾಗಿ ಒಣಗುವುದರಿಂದ ತೊಟ್ಟನ್ನು ಬಗ್ಗಿಸಿ ನೋಡಬೇಕು. ಬಾಗಿದರೆ ಇನ್ನೂ ನೀರಿದೆ, ಪಟ್ಟನೆ ಮುರಿದರೆ ಸಿದ್ಧ. ಒಂದು ಕಿಲೋ ಹಸಿ ಸೊಪ್ಪು ಒಣಗಿದಾಗ ಅದರ ಸಣ್ಣದೊಂದು ಪಾಲಷ್ಟೇ ತೂಗುತ್ತದೆ ಎಂದು ಬೇಸರಪಡಬಾರದು. ದಿನಾಂಕ ಬರೆದ ಗಾಜಿನ ಡಬ್ಬಿಯಲ್ಲಿ ಬೆಳಕು ತಾಗದಂತೆ ಇಟ್ಟರೆ ಆರು ತಿಂಗಳು ಬಳಸಬಹುದು. ಹಸಿರು ಕಂದಾಗಿ ಘಮ ಹೋದರೆ ಆ ಸೊಪ್ಪಿನಿಂದ ಪ್ರಯೋಜನವಿಲ್ಲ.

ಬಳಕೆ

ಒಂದೆಲಗವನ್ನು ಸೊಪ್ಪಾಗಿ ತಿನ್ನುವುದೇ ಅದರ ಅತ್ಯಂತ ಸರಳ ಮತ್ತು ನನ್ನ ಮಟ್ಟಿಗೆ ಅತ್ಯುತ್ತಮ ಬಳಕೆ. ನಸುಗಹಿ, ಒಗರು, ಕೊನೆಗೆ ಸಣ್ಣದೊಂದು ಸಿಹಿ ಇರುವ ಐದಾರು ಎಲೆಗಳನ್ನು ಹಸಿಯಾಗಿ ಜಗಿಯಬಹುದು, ಕೋಸಂಬರಿಗೆ ಹೆಚ್ಚಿಹಾಕಬಹುದು, ಮೊಸರಿನೊಡನೆ ಅರೆಯಬಹುದು. ತೊಟ್ಟಿನಲ್ಲಿ ನಾರಿರುವುದರಿಂದ ಅರೆಯುವ ಮೊದಲು ಸಣ್ಣದಾಗಿ ಕತ್ತರಿಸಿಕೊಳ್ಳಬೇಕು, ಅರೆದದ್ದನ್ನು ಕೂಡಲೇ ಬಳಸಬೇಕು. ಬಿಟ್ಟರೆ ಬಣ್ಣ ಕಂದಾಗಿ ಕಹಿ ಏರುತ್ತದೆ.

ಕಷಾಯಕ್ಕೆ ಒಣ ಎಲೆ ಅನುಕೂಲ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಔಷಧೀಯ ಸಸ್ಯಗಳ ವಿವರಣೆಯ ಮೊದಲ ಸಂಪುಟದಲ್ಲಿ ಒಂದೆಲಗವೂ ಸೇರಿದೆ. ಅಲ್ಲಿ ಹೇಳಿರುವ ಪ್ರಮಾಣ ಒಂದು ಸಲಕ್ಕೆ 0.33ರಿಂದ 0.68 ಗ್ರಾಂ, ದಿನಕ್ಕೆ ಮೂರು ಸಲ. ಅಷ್ಟು ಸಣ್ಣ ತೂಕವನ್ನು ಮನೆಯ ತಕ್ಕಡಿ ತೋರಿಸುವುದಿಲ್ಲವಾದ್ದರಿಂದ 5 ಗ್ರಾಂ ಪುಡಿಯನ್ನು ತೂಗಿ ಕಾಗದದ ಮೇಲೆ ಹತ್ತು ಸಮನಾದ ಗುಡ್ಡೆಗಳಾಗಿ ವಿಂಗಡಿಸಿದರೆ ಒಂದೊಂದೂ ಅರ್ಧ ಗ್ರಾಂ ಆಗುತ್ತದೆ. ಒಂದು ಗುಡ್ಡೆಗೆ ಒಂದು ಲೋಟ ಕುದಿನೀರು ಸುರಿದು, ಮುಚ್ಚಿ, ಹತ್ತು ನಿಮಿಷದ ಬಳಿಕ ಸೋಸಿದರೆ ಕಷಾಯ ಸಿದ್ಧ.

ಮೈಗೆ ಹಚ್ಚುವ ಎಣ್ಣೆಯನ್ನು ಮಾಡುವವರು ಹಸಿ ಎಲೆ ಬಳಸಬಾರದು. ಅದರ ನೀರು ಎಣ್ಣೆಯಲ್ಲಿ ಉಳಿದು ಕೆಡುತ್ತದೆ. ಗಾಜಿನ ಸೀಸೆಯ ಮೂರನೇ ಒಂದು ಭಾಗ ಒಣ ಎಲೆ ತುಂಬಿ, ಮುಳುಗುವಷ್ಟು ಎಣ್ಣೆ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಆ ಸೀಸೆಯನ್ನಿಟ್ಟು ಅತಿ ಸಣ್ಣ ಉರಿಯಲ್ಲಿ ಎರಡು ಗಂಟೆ ಕಾಯಿಸಿ ಸೋಸಬೇಕು. ಆದರೆ ಈ ಎಣ್ಣೆಯಿಂದ ಔಷಧಿ ಅಂಗಡಿಯ ಮುಲಾಮಿನ ಗುಣವನ್ನು ನಿರೀಕ್ಷಿಸಬಾರದು. ಗಾಯ ಮಾಯಿಸುವ ಗುಣಕ್ಕೆ ಕಾರಣವೆಂದು ಗುರುತಿಸಿರುವ ಏಷಿಯಾಟಿಕೊಸೈಡ್‌ನಂಥ ಅಂಶಗಳು ಎಣ್ಣೆಯಲ್ಲಿ ಸರಿಯಾಗಿ ಕರಗುವುದಿಲ್ಲ. ಮುಲಾಮುಗಳಲ್ಲಿರುವುದು ಬೇರೆ ವಿಧಾನದಿಂದ ತೆಗೆದ ಸಾರ. ಮನೆಯಲ್ಲಿ ಮಾಡಿದ್ದು ಒಣಚರ್ಮಕ್ಕೆ, ತಲೆಗೆ ಹಚ್ಚಿಕೊಳ್ಳಲು ಸಾಕು, ಬಾಯಿತೆರೆದ ಗಾಯಕ್ಕೆ ಬೇಡ. ಕೆಲವರಿಗೆ ಇದು ಚರ್ಮದ ಅಲರ್ಜಿ ತರುವುದರಿಂದ ಮೊದಲು ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ಕಾಯಬೇಕು.

ನೆನಪಿನ ಶಕ್ತಿಯ ಮಾತು ಬಂದೇ ಬರುತ್ತದೆ. ಒಂದೆಲಗ ತಿಂದರೆ ಬುದ್ಧಿ ಚುರುಕಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಆದರೆ ಮನುಷ್ಯರ ಮೇಲೆ ನಡೆದಿರುವ ಪರೀಕ್ಷೆಗಳಿಂದ ಅದಕ್ಕೆ ಗಟ್ಟಿ ಆಧಾರ ದೊರೆತಿಲ್ಲ. ಚರ್ಮ ಮತ್ತು ಗಾಯದ ವಿಷಯದಲ್ಲಿ ಸಾಕ್ಷ್ಯ ಇದಕ್ಕಿಂತ ಉತ್ತಮವಾಗಿದೆ. ಪರೀಕ್ಷೆಯ ಹಿಂದಿನ ವಾರ ಮಕ್ಕಳಿಗೆ ಲೋಟಗಟ್ಟಲೆ ರಸ ಕುಡಿಸುವವರು ಇದನ್ನು ಗಮನದಲ್ಲಿಡಬೇಕು.

ಯಾರು ದೂರವಿರಬೇಕು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ. ಗರ್ಭಿಣಿಯರು, ಯಕೃತ್ತಿನ ತೊಂದರೆಯಿರುವವರು, ನಿದ್ರೆಯ ಅಥವಾ ಮಂಪರು ತರಿಸುವ ಮಾತ್ರೆ ಸೇವಿಸುವವರು ಇದನ್ನು ಔಷಧಿಯ ಪ್ರಮಾಣದಲ್ಲಿ ತೆಗೆದುಕೊಳ್ಳಬಾರದು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ವೈದ್ಯರಿಗೆ ತಿಳಿಸಬೇಕು. ಒಂದೆಲಗದ ಮಾತ್ರೆಗಳನ್ನು ಕೆಲವು ವಾರ ಸೇವಿಸಿದ ಮೂವರು ಮಹಿಳೆಯರಲ್ಲಿ ಯಕೃತ್ತಿನ ಉರಿಯೂತ ಕಂಡು, ಮಾತ್ರೆ ನಿಲ್ಲಿಸಿದ ಮೇಲೆ ಗುಣವಾದ ವರದಿ 2005ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿದೆ. ಇಂಥ ಪ್ರಕರಣಗಳು ವಿರಳ, ಆದರೂ ಕಷಾಯವನ್ನು ಎಡೆಬಿಡದೆ ಆರು ವಾರಕ್ಕಿಂತ ಹೆಚ್ಚು ಕಾಲ ಕುಡಿಯದೆ ನಡುವೆ ಬಿಡುವು ಕೊಡುವುದು ಒಳ್ಳೆಯದು. ಕಣ್ಣು ಅಥವಾ ಚರ್ಮ ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ, ಕಾರಣವಿಲ್ಲದ ಸುಸ್ತು ಮತ್ತು ಹೊಟ್ಟೆ ತೊಳಸುವಿಕೆ ಕಂಡರೆ ಸೊಪ್ಪನ್ನು ಅಂದೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಹೋಗುವಾಗ ನೀವು ತಿಂದ ಮಡಿಯಿಂದ ಬೇರು, ಎಲೆ, ತೊಟ್ಟು ಎಲ್ಲವೂ ಇರುವ ಒಂದು ಹಂಬನ್ನು ಕಿತ್ತು ಜೊತೆಗೆ ಒಯ್ಯಬೇಕು.